ಕೌದಿ ಬೇಡ, ಸಿಗಡಿ ಬೇಡವೇ ಬೇಡ: ಚಳಿಗಾಲದ ಕ್ಯಾಂಪಿಂಗ್ ಬಗ್ಗೆ ನರ್ಸಕ್ಕನ ಉತ್ತರಗಳು

(ಸೇನಾ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಲಡಾಖ್ ಸೇರಿದಂತೆ ಹಲವು ಕಡೆ ದುಡಿದು, ಈಗ ಬೀದರ್‌ನಲ್ಲಿ ನೆಲೆಸಿರುವ ನಮ್ಮ ಅಂಕಣಗಾರ್ತಿ ‘ನರ್ಸಕ್ಕ’ ಈ ಸಲ ಹಿಮದ ಬೆಟ್ಟ ಮತ್ತು ಕೆಂಪು ಕಲ್ಲಿನ ಮರುಭೂಮಿಯಲ್ಲಿ ಚಳಿಗಾಲದ ಟೆಂಟ್ ವಾಸದ ಬಗ್ಗೆ ಬಂದ ಪತ್ರಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಅಕ್ಕೋರೆ, ಜನವರಿಯಲ್ಲಿ ನಾನು, ನನ್ನ ಹೆಂಡತಿ ಉತ್ತರಾಖಂಡದ ಕೇದಾರಕಂಠ ಟ್ರೆಕ್‌ಗೆ ಹೊರಟಿದ್ದೇವೆ. ಇಬ್ಬರೂ ಹುಟ್ಟಿ ಬೆಳೆದದ್ದು ಇಲ್ಲೇ. 44 ಡಿಗ್ರಿ ಬಿಸಿಲು ಗೊತ್ತು, ಹಿಮ ಗೊತ್ತಿಲ್ಲ. ನಮ್ಮ ಮೈ ಆ ಥಂಡಿ ತಡೆಯುತ್ತದೆಯೇ? ಅವ್ವ ಆಗಲೇ ಎರಡು ಕೌದಿ ಕಟ್ಟಿ ಇಟ್ಟಿದ್ದಾಳೆ.
— ಬ್ಯಾಂಕ್ ನೌಕರ, ಸೇಡಂ

ಉತ್ತರ: ತಡೆಯುತ್ತದೆ ತಮ್ಮಾ. ಇಬ್ಬರೂ ಧೈರ್ಯವಾಗಿ ಹೋಗಿ ಬನ್ನಿ. ಬಿಸಿಲು ನಾಡಿನವರಿಗೆ ಚಳಿ ತಡೆಯೋಕೆ ಆಗಲ್ಲ ಅನ್ನುವ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಲಡಾಖ್‌ನ ವಾರ್ಡಿಗೆ ಬೆರಳು ಕಪ್ಪಾಗಿ ಬಂದ ಹುಡುಗರಲ್ಲಿ ಗುಡ್ಡಗಾಡಿನಲ್ಲೇ ಹುಟ್ಟಿದವರೂ ಇದ್ದರು. ಕೇಳಿದರೆ ಬಹಳ ಸಲ ಒಂದೇ ಕಥೆ. ಕಾಲುಚೀಲ ಒದ್ದೆಯಾಗಿತ್ತು, ಬದಲಿಸಲಿಲ್ಲ, ಹಾಗೇ ಗಂಟೆಗಟ್ಟಲೆ ನಿಂತಿದ್ದರು.

ಸ್ವಲ್ಪ ಲೆಕ್ಕ ನೋಡೋಣ. ಸಾವಿರ ಮೀಟರ್ ಮೇಲೆ ಏರಿದರೆ ಗಾಳಿ ಸುಮಾರು 6.5 ಡಿಗ್ರಿ ತಣ್ಣಗಾಗುತ್ತದೆ. ನಮ್ಮ ಕಲಬುರಗಿ ಇರುವುದು ಸಮುದ್ರಮಟ್ಟದಿಂದ 450 ಮೀಟರ್ ಆಸುಪಾಸಿನಲ್ಲಿ. ಕೇದಾರಕಂಠದ ತುದಿ 12,500 ಅಡಿ, ಅಂದರೆ 3,800 ಮೀಟರ್. ಎತ್ತರ ಒಂದಕ್ಕೇ 20 ಡಿಗ್ರಿಗಿಂತ ಹೆಚ್ಚು ಹೋಯಿತು. ಉತ್ತರಕ್ಕೆ ಅಷ್ಟು ದೂರ ಹೋಗಿರುತ್ತೀರಿ, ಅದು ಬೇರೆ. ಮೇಲಿನ ಕ್ಯಾಂಪ್‌ನಲ್ಲಿ ರಾತ್ರಿ ಸೊನ್ನೆಗಿಂತ 10 ಡಿಗ್ರಿ ಕೆಳಗೆ ಇಳಿಯಬಹುದು ಅಂತಲೇ ತಯಾರಾಗಿ.

ಈಗ ಕೌದಿ. ಅವ್ವನಿಗೆ ಬೇಜಾರಾಗದ ಹಾಗೆ ಹೇಳಿ, ಮನೆಯಲ್ಲೇ ಬಿಟ್ಟು ಹೋಗಿ. ಕೌದಿ ಅಂದರೆ ಹಳೆ ಸೀರೆ, ಹಳೆ ಧೋತರ. ಎಲ್ಲ ಹತ್ತಿ. ಹತ್ತಿ ನೀರು ಕುಡಿಯುತ್ತದೆ, ಬೇಗ ಒಣಗುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನಿಮ್ಮ ಬನಿಯನ್ನೂ ಬೇಡ, ಜೀನ್ಸೂ ಬೇಡ. ಏರು ಹತ್ತುವಾಗ ಬೆವರುತ್ತೀರಿ, ಕುಳಿತ ಐದು ನಿಮಿಷಕ್ಕೆ ಆ ಬನಿಯನ್ ಬೆನ್ನಿಗೆ ತಣ್ಣಗೆ ಅಂಟಿಕೊಳ್ಳುತ್ತದೆ. ಮೈಗೆ ತಾಗುವಂತೆ ತೆಳ್ಳನೆಯ ಉಣ್ಣೆ ಅಥವಾ ಸಿಂಥೆಟಿಕ್ ಒಳಉಡುಪು, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಎಲ್ಲಕ್ಕೂ ಮೇಲೆ ಗಾಳಿ, ಹಿಮ ತಡೆಯುವ ಜಾಕೆಟ್. ನಡೆಯುವಾಗ ಒಂದು ಪದರ ಬಿಚ್ಚಿ, ನಿಂತ ಕೂಡಲೇ ಹಾಕಿಕೊಳ್ಳಿ. ಬೇಸರ ಮಾಡಿಕೊಳ್ಳದೆ ದಿನಕ್ಕೆ ಎಷ್ಟು ಸಲ ಬೇಕಾದರೂ ಬಿಚ್ಚಿ ಹಾಕಿ. ಬೆವರದೆ ನಡೆಯುವುದೇ ಅಲ್ಲಿನ ಜಾಣತನ.

ಮಲಗುವಾಗ ಎಲ್ಲರೂ ಮೇಲೆ ಏನು ಹೊದೆಯಬೇಕು ಅಂತ ಕೇಳುತ್ತಾರೆ. ಕೆಳಗೆ ಏನು ಹಾಸಬೇಕು ಅಂತ ಯಾರೂ ಕೇಳುವುದಿಲ್ಲ. ಸ್ಲೀಪಿಂಗ್ ಬ್ಯಾಗ್‌ನ ಒಳಗಿನ ತುಪ್ಪಳ ಉಬ್ಬಿ, ಅದರಲ್ಲಿ ಗಾಳಿ ನಿಂತರೆ ಮಾತ್ರ ಬೆಚ್ಚಗೆ. ನೀವು ಮಲಗಿದ ಜಾಗದಲ್ಲಿ ಅದು ಚಪ್ಪಟೆಯಾಗಿ ಬಿಡುತ್ತದೆ. ಆಮೇಲೆ ಮೈಶಾಖವೆಲ್ಲ ಹಿಮದ ನೆಲಕ್ಕೆ. ಹಾಗಾಗಿ ದಪ್ಪ ಫೋಮ್ ಮ್ಯಾಟ್ ಕೇಳಿ ಪಡೆಯಿರಿ. ಒಂದು ಕೊಟ್ಟರೆ ಇನ್ನೊಂದು ಕೇಳಿ, ನಾಚಿಕೆ ಬೇಡ. ಮನೆಯಿಂದ ಏನಾದರೂ ಒಯ್ಯಲೇಬೇಕು ಅಂತ ಅವ್ವ ಹಟ ಹಿಡಿದರೆ ಕುರಿ ಉಣ್ಣೆಯ ಕಂಬಳಿ ಒಯ್ಯಿರಿ. ಭಾರ ಜಾಸ್ತಿ, ಆದರೆ ಹೇಸರಗತ್ತೆ ಹೊರುತ್ತದೆ. ಅದನ್ನು ಹೊದೆಯಬೇಡಿ, ಮ್ಯಾಟ್ ಮೇಲೆ ಹಾಸಿ.

ಬಾಡಿಗೆ ಬ್ಯಾಗ್ ಮೇಲೆ ‘ಮೈನಸ್ 10’ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದಕ್ಕೆ ಮರುಳಾಗಬೇಡಿ. ಒಳಗಿನ ಚೀಟಿಯಲ್ಲಿ ಕಂಫರ್ಟ್, ಲಿಮಿಟ್ ಅಂತ ಎರಡು ಅಂಕಿ ಇರುತ್ತವೆ. ಕಂಫರ್ಟ್ ಅಂದರೆ ಸಾಮಾನ್ಯ ಹೆಂಗಸು ಆರಾಮಾಗಿ ನಿದ್ದೆ ಮಾಡುವ ಶಾಖ. ಲಿಮಿಟ್ ಅಂದರೆ ಗಂಡಸು ಮುದುಡಿಕೊಂಡು ಹೇಗೋ ರಾತ್ರಿ ಕಳೆಯುವ ಶಾಖ. ದೊಡ್ಡ ಅಕ್ಷರದಲ್ಲಿ ಹಾಕುವುದು ಬಹಳ ಸಲ ಎರಡನೆಯದನ್ನು. ನಿಮ್ಮ ಹೆಂಡತಿಯ ಬ್ಯಾಗ್ ಆರಿಸುವಾಗ ಕಂಫರ್ಟ್ ಅಂಕಿಯನ್ನೇ ನೋಡಿ. ಮಲಗುವ ಮುನ್ನ ಗಟ್ಟಿ ಬಾಟಲಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಕಾಲುಚೀಲದಲ್ಲಿ ಸುತ್ತಿ ಪಾದದ ಹತ್ತಿರ ಇಟ್ಟುಕೊಳ್ಳಿ. ಬೆಳಿಗ್ಗೆ ಅದೇ ಕುಡಿಯುವ ನೀರು. ಹೊರಗೆ ಇಟ್ಟ ಬಾಟಲಿ ಕಲ್ಲಾಗಿರುತ್ತದೆ.

ಇನ್ನು ಹೋಗುವ ದಾರಿ. ಕಲಬುರಗಿಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರೆ ದಿಲ್ಲಿ, ಅಲ್ಲಿಂದ ಡೆಹ್ರಾಡೂನ್. ಡೆಹ್ರಾಡೂನ್‌ನಿಂದ ಟ್ರೆಕ್ ಶುರುವಾಗುವ ಸಾಂಕ್ರಿ ಹಳ್ಳಿ 200 ಕಿಲೋಮೀಟರ್ ಸುಮಾರು, ಆದರೆ ಬೆಟ್ಟದ ರಸ್ತೆ, ಇಡೀ ದಿನ ಬೇಕು. ಆ ರಾತ್ರಿ ಸಾಂಕ್ರಿಯಲ್ಲೇ ಮಲಗಿ. ನಿದ್ದೆಗೆಟ್ಟು ಮರುದಿನವೇ ಹಿಮ ತುಳಿಯುವ ಅವಸರ ಬೇಡ.

ಪ್ರಶ್ನೆ: ಟೆಂಟ್ ಒಳಗೆ ಸಣ್ಣ ಇದ್ದಿಲ ಸಿಗಡಿ ಇಟ್ಟುಕೊಂಡರೆ ಹೇಗೆ? ಜಿಪ್ ಸ್ವಲ್ಪ ತೆರೆದೇ ಇಡುತ್ತೇವೆ.
— ಸುರಪುರದ ಗೆಳೆಯರ ಬಳಗ

ಉತ್ತರ: ಬೇಡ. ಜಿಪ್ ಪೂರ್ತಿ ತೆರೆದರೂ ಬೇಡ.

ಇದ್ದಿಲು ಉರಿದಾಗ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ತಲೆನೋವು, ವಾಕರಿಕೆ. ಎತ್ತರದ ಜಾಗದಲ್ಲಿ ಎಲ್ಲರಿಗೂ ತಲೆನೋವೇ ಅಲ್ವಾ, ಮಲಗಿದರೆ ಹೋಗುತ್ತದೆ ಅಂದುಕೊಂಡು ಮಲಗುತ್ತಾರೆ. ಮತ್ತೆ ಏಳುವುದಿಲ್ಲ. ಪ್ರತಿ ಚಳಿಗಾಲ ಉತ್ತರದ ಊರುಗಳಿಂದ ಇಂಥ ಸುದ್ದಿ ಪೇಪರ್‌ನಲ್ಲಿ ಬರುತ್ತಲೇ ಇರುತ್ತದೆ. ಗ್ಯಾಸ್ ಒಲೆಯೂ ಅಷ್ಟೇ, ಸೀಮೆಎಣ್ಣೆ ಸ್ಟೌವೂ ಅಷ್ಟೇ. ಅಡುಗೆ ಹೊರಗೆ.

ಸಿಗಡಿ ಇಲ್ಲದಿದ್ದರೂ ಟೆಂಟ್‌ನ ಗಾಳಿಕಿಂಡಿ ಮುಚ್ಚಬೇಡಿ. ನಾಲ್ಕು ಜನರ ಉಸಿರಿನ ತೇವ ಬಟ್ಟೆಗೆ ಹತ್ತಿ ಹೆಪ್ಪುಗಟ್ಟಿ, ಬೆಳಿಗ್ಗೆ ಬಿಸಿಲು ಬಿದ್ದ ಕೂಡಲೇ ನಿಮ್ಮ ಹಾಸಿಗೆ ಮೇಲೆ ಮಳೆ ಸುರಿಸುತ್ತದೆ.

ಪ್ರಶ್ನೆ: ಮಗ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದಾನೆ. ಡಿಸೆಂಬರ್‌ನಲ್ಲಿ ನಮ್ಮಿಬ್ಬರನ್ನು ಕರೆಸಿಕೊಂಡು ಮೋಆಬ್ ಎಂಬ ಕೆಂಪು ಕಲ್ಲಿನ ಮರುಭೂಮಿಯಲ್ಲಿ ಟೆಂಟ್ ಹಾಕುತ್ತಾನಂತೆ. ಸೊಸೆ ಫೋನ್ ಮಾಡಿ ಉಣ್ಣೆ ಬಟ್ಟೆ ಜಾಸ್ತಿ ತನ್ನಿ ಅಂತಾಳೆ. ಮರುಭೂಮಿ ಅಂದ ಮೇಲೆ ನಮ್ಮ ಖಾದಿ ಜುಬ್ಬಾ ಸಾಲದೇ?
— ನಿವೃತ್ತ ಶಿಕ್ಷಕ, ಬೀದರ್

ಉತ್ತರ: ಮಾಸ್ತರರೇ, ಸೊಸೆ ಹೇಳಿದ್ದೇ ಸರಿ.

ನನ್ನ ಮಗಳೂ ಅದೇ ಯೂಟಾ ರಾಜ್ಯದಲ್ಲಿರುವುದರಿಂದ ಆ ಜಾಗ ನನಗೆ ಗೊತ್ತು. ಮರುಭೂಮಿ ಅನ್ನುವುದು ಮಳೆಯ ಲೆಕ್ಕ, ಬಿಸಿಲಿನ ಲೆಕ್ಕ ಅಲ್ಲ. ಮೋಆಬ್ ಊರು 1,200 ಮೀಟರ್ ಎತ್ತರದಲ್ಲಿದೆ. ಜನವರಿಯಲ್ಲಿ ಹಗಲು 5–6 ಡಿಗ್ರಿ, ರಾತ್ರಿ ಸೊನ್ನೆಗಿಂತ 7–8 ಕೆಳಗೆ ಸಾಮಾನ್ಯ. ಮಗ ಅಲ್ಲಿಂದ ಬ್ರೈಸ್ ಕ್ಯಾನ್ಯನ್ನಿಗೂ ಕರೆದೊಯ್ದರೆ ಅದು 2,400 ಮೀಟರ್‌ಗೂ ಮೇಲೆ. ಅಲ್ಲಿ ಮೊಣಕಾಲುದ್ದ ಹಿಮ ಇದ್ದರೂ ಇರಬಹುದು.

ರಾತ್ರಿ ಅಷ್ಟು ಕೊರೆಯುವುದು ಯಾಕೆ? ಹಗಲು ಕಾಯ್ದ ನೆಲ ರಾತ್ರಿ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತದೆ. ನಮ್ಮಲ್ಲಿ ಮೋಡ, ಗಾಳಿಯ ತೇವ ಅದಕ್ಕೆ ಹೊದಿಕೆಯ ಹಾಗೆ ಅಡ್ಡ ಇರುತ್ತವೆ. ಅಲ್ಲಿ ಎರಡೂ ಇಲ್ಲ. ಸೂರ್ಯ ಬಂಡೆ ಹಿಂದೆ ಸರಿದ ಹತ್ತೇ ನಿಮಿಷಕ್ಕೆ ಕೈ ಜೇಬಿಗೆ ಹೋಗುತ್ತದೆ. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಹಗಲು ಒಂಬತ್ತೂವರೆ ಗಂಟೆ ಅಷ್ಟೇ. ನಮ್ಮ ಬೀದರ್‌ನಲ್ಲಿ 11 ಗಂಟೆ ಸಿಗುತ್ತದೆ. ಸಂಜೆ ಐದಕ್ಕೆ ಕತ್ತಲಾದರೆ ಬೆಳಿಗ್ಗೆ ಏಳರವರೆಗೂ ಕತ್ತಲೆ. ಅಷ್ಟು ಹೊತ್ತು ಟೆಂಟ್‌ನಲ್ಲಿ ಏನು ಮಾಡುತ್ತೀರಿ? ಹಣೆಗೆ ಕಟ್ಟುವ ಲೈಟು, ಓದಲು ಪುಸ್ತಕ, ಇಸ್ಪೀಟು, ಥರ್ಮಸ್ ತುಂಬ ಚಹಾ ಇರಲಿ. ಚಳಿಗಿಂತ ಈ ಉದ್ದನೆಯ ರಾತ್ರಿಯೇ ನಮ್ಮ ವಯಸ್ಸಿನವರಿಗೆ ಜಾಸ್ತಿ ಕಷ್ಟ.

ಆದರೆ ನೋಡಲು? ಹೋಗಲೇಬೇಕು ಮಾಸ್ತರರೇ. ಆರ್ಚಸ್ ರಾಷ್ಟ್ರೀಯ ಉದ್ಯಾನದಲ್ಲಿ ನಿಂತರೆ ಮುಂದೆ ಕೆಂಪು ಕಲ್ಲಿನ ಕಮಾನುಗಳು, ಹಿಂದೆ ಬೆಳ್ಳಗೆ ಹಿಮ ಹೊದ್ದ ಲಾ ಸಾಲ್ ಬೆಟ್ಟಗಳು. ಅವುಗಳಲ್ಲಿ ಅತಿ ಎತ್ತರದ ಮೌಂಟ್ ಪೀಲ್ 3,877 ಮೀಟರ್. ಮರುಭೂಮಿ, ಹಿಮಬೆಟ್ಟ ಎರಡನ್ನೂ ತಿರುಗಿ ನೋಡುವಷ್ಟರಲ್ಲಿ ನೋಡಿ ಮುಗಿಸಬಹುದು. ಬೇಸಿಗೆಯ ನೂಕುನುಗ್ಗಲೂ ಇರುವುದಿಲ್ಲ.

ನೀವು ಬೀದರ್‌ನವರು, ಕೆಂಪು ಕಲ್ಲು ನಿಮಗೇನು ಹೊಸದಲ್ಲ. ನಮ್ಮ ಕೋಟೆಯ ಕೆಂಪೂ, ಅಲ್ಲಿನ ಕೆಂಪೂ ಕಬ್ಬಿಣದ ತುಕ್ಕಿನಿಂದಲೇ ಬಂದದ್ದು. ಕಲ್ಲು ಮಾತ್ರ ಬೇರೆ. ನಮ್ಮದು ಜಂಬಿಟ್ಟಿಗೆ. ಕರಿಕಲ್ಲು ಲಕ್ಷಾಂತರ ವರ್ಷ ಮಳೆಗೆ ನೆನೆದು, ಉಳಿದದ್ದೆಲ್ಲ ತೊಳೆದುಹೋಗಿ, ಕಬ್ಬಿಣ, ಅಲ್ಯೂಮಿನಿಯಂ ನಿಂತು ಗಟ್ಟಿಯಾದದ್ದು. ಅವರದು ಮರಳುಗಲ್ಲು. ಡೈನೊಸಾರ್ ಕಾಲದ ಮರಳು ಒತ್ತಿ ಕಲ್ಲಾದದ್ದು. ಬಾದಾಮಿಯ ಬಂಡೆ ನೋಡಿದ್ದೀರಲ್ಲ, ಅದೂ ಮರಳುಗಲ್ಲೇ. ಈ ಕಲ್ಲಿನ ಬಿರುಕಿನಲ್ಲಿ ಹಗಲು ಹಿಮ ಕರಗಿ ಇಳಿದ ನೀರು ರಾತ್ರಿ ಹೆಪ್ಪುಗಟ್ಟಿ ಉಬ್ಬಿ, ಕಲ್ಲನ್ನು ಒಡೆಯುತ್ತದೆ. ಬ್ರೈಸ್‌ನ ಸುಣ್ಣಕಲ್ಲಿನ ಕಂಬಗಳನ್ನೂ ಹೀಗೆ ಕಡೆದದ್ದು ಮುಖ್ಯವಾಗಿ ಚಳಿಗಾಲವೇ. ಅಲ್ಲಿ ವರ್ಷದ ಸುಮಾರು ಅರ್ಧದಷ್ಟು ದಿನ ಶಾಖ ಸೊನ್ನೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ದಾಟುತ್ತದೆ.

ಇದರಿಂದ ನಿಮಗೆ ಬೇಕಾದ ಎಚ್ಚರಿಕೆ ಏನೆಂದರೆ, ಮಳೆಯೋ ಹಿಮವೋ ಬಿದ್ದು ನೆನೆದ ಮರಳುಗಲ್ಲು ಬಲ ಕಳೆದುಕೊಂಡಿರುತ್ತದೆ. ಬಂಡೆ ಹತ್ತುವವರೇ ಒಂದೆರಡು ದಿನ ಕಾಯುತ್ತಾರೆ. ಫೋಟೋ ಆಸೆಗೆ ಅಂಚಿಗೆ ಹೋಗಬೇಡಿ. ಹೆಸರಾದ ಡೆಲಿಕೇಟ್ ಆರ್ಚ್‌ಗೆ ಹೋಗುವ ದಾರಿಯ ಕೊನೆಯಲ್ಲಿ ಬಂಡೆಯ ಅಂಚಿನ ಇಕ್ಕಟ್ಟು ಜಾಗ ಬರುತ್ತದೆ. ನೆರಳಿನಲ್ಲಿ ಅಲ್ಲಿ ಐಸ್ ಕಟ್ಟಿರುತ್ತದೆ. ಬೂಟಿಗೆ ಸಿಕ್ಕಿಸುವ ಮುಳ್ಳಿನ ಚೈನ್ ಇಲ್ಲದೆ ನಿಮ್ಮ ಮೊಣಕಾಲನ್ನು ಅಲ್ಲಿಗೆ ಒಯ್ಯಬೇಡಿ.

ಟೆಂಟ್ ಜಾಗ ಆರಿಸುವುದು ಮಗನ ಕೆಲಸ, ಆದರೂ ನೀವು ನೋಡಿ. ತಣ್ಣನೆಯ ಗಾಳಿ ಭಾರ, ರಾತ್ರಿ ತಗ್ಗಿಗೆ ಇಳಿದು ನಿಲ್ಲುತ್ತದೆ. ಕಣಿವೆಯ ತಳಕ್ಕಿಂತ ಸ್ವಲ್ಪ ಮೇಲಿನ, ಬೆಳಗಿನ ಬಿಸಿಲು ಬೇಗ ಬೀಳುವ ಜಾಗ ಒಳ್ಳೆಯದು. ಒಣಗಿದ ಹಳ್ಳದ ಮರಳು ಮೆತ್ತಗಿದೆ ಅಂತ ಅಲ್ಲಿ ಯಾವ ಕಾಲದಲ್ಲೂ ಮಲಗಬಾರದು. ದೂರದಲ್ಲಿ ಬಿದ್ದ ಮಳೆ ಹಳ್ಳದಲ್ಲಿ ಬರುತ್ತದೆ, ನಮ್ಮ ಊರಿನ ಹಳ್ಳ ನೋಡಿದವರಿಗೆ ಇದನ್ನು ಹೇಳಬೇಕಿಲ್ಲ. ಮತ್ತೆ, ದಾರಿ ಬಿಟ್ಟು ಕಾಲಿಡಬೇಡಿ. ನೆಲದ ಮೇಲೆ ಕಪ್ಪಗೆ, ಗಂಟುಗಂಟಾಗಿ ಒಂದು ಹೊರಪದರ ಕಾಣುತ್ತದೆ. ಅದು ಮಣ್ಣಲ್ಲ, ಜೀವ. ಕಣ್ಣಿಗೆ ಕಾಣದ ಸೂಕ್ಷ್ಮಜೀವಿ, ಕಲ್ಲುಹೂವು, ಪಾಚಿ ಸೇರಿ ಮರಳನ್ನು ಹಿಡಿದು ನಿಲ್ಲಿಸಿವೆ. ಒಂದು ಹೆಜ್ಜೆ ಗುರುತು ಮಾಯಲು ಹತ್ತಾರು ವರ್ಷ ಬೇಕು. ಉದ್ಯಾನದೊಳಗೆ ಬಿದ್ದ ಕಟ್ಟಿಗೆಯನ್ನೂ ಆಯುವಂತಿಲ್ಲ. ಸೌದೆ ಊರಿನಿಂದಲೇ ಕೊಂಡು ಒಯ್ಯಬೇಕು.

ಖಾದಿ ಜುಬ್ಬಾ ಒಂದು ಇರಲಿ. ಮಗನ ಮನೆಯಲ್ಲಿ ಹೀಟರ್ ಜೋರಾಗಿಯೇ ಹಾಕಿರುತ್ತಾರೆ.

ಪ್ರಶ್ನೆ: ನಾವು ಐದಾರು ಹೆಣ್ಣುಮಕ್ಕಳು ಚಳಿಗಾಲದಲ್ಲಿ ಹಿಮಾಚಲದ ಸ್ಪಿತಿಗೆ ಹೋಗುವ ಮನಸ್ಸು ಮಾಡಿದ್ದೇವೆ. ಕೆಲವು ದಿನ ನಾವೇ ಅಡುಗೆ ಮಾಡಿಕೊಳ್ಳಬೇಕು. ಇಲ್ಲಿಂದ ಏನು ಒಯ್ಯುವುದು?
— ಗೃಹಿಣಿ, ಹುಮನಾಬಾದ್

ಉತ್ತರ: ಈ ವಿಷಯದಲ್ಲಿ ನಮ್ಮ ಕಡೆಯವರು ಪುಣ್ಯವಂತರು ತಂಗೀ. ಪೇಟೆಯ ದುಬಾರಿ ಎನರ್ಜಿ ಬಾರ್ ಎಲ್ಲ ಬಿಡಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ. ಎಳ್ಳಮಾವಾಸ್ಯೆ ಹೊತ್ತಿಗೆ ಹೊರಟರೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ. ಯಾವುದಕ್ಕೂ ಒಲೆ ಬೇಕಿಲ್ಲ, ನೀರಿನಂಶ ಇಲ್ಲದ್ದರಿಂದ ಹೆಪ್ಪುಗಟ್ಟಿ ಕಲ್ಲಾಗುವುದೂ ಇಲ್ಲ. ಚಾಕೊಲೇಟ್ ಕಚ್ಚಿ ಹಲ್ಲು ನೋಯಿಸಿಕೊಂಡವರನ್ನು ನೋಡಿದ್ದೇನೆ. ನೂರು ಗ್ರಾಂ ಶೇಂಗಾದಲ್ಲಿ 560 ಕ್ಯಾಲರಿಗೂ ಜಾಸ್ತಿ. ಮಲಗುವ ಮುಂಚೆ ಒಂದು ಶೇಂಗಾ ಉಂಡಿ ತಿಂದರೆ ಅದು ಅರಗುವಾಗ ಮೈ ಬಿಸಿ ಹುಟ್ಟಿಸುತ್ತದೆ. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಜೋಡಿಸಿ. ಚೀಲದಲ್ಲಿ ಹಾಕಿದರೆ ಸ್ಪಿತಿ ತಲುಪುವುದರೊಳಗೆ ರವೆ.

ತೊಗರಿಬೇಳೆ ಮಾತ್ರ ಅಲ್ಲಿ ಮೋಸ ಮಾಡುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ಗುಲ್ಬರ್ಗ ತೊಗರಿಬೇಳೆಯೇ ಆದರೂ ಅಷ್ಟೇ. ಸ್ಪಿತಿಯ ಕಾಜಾ 3,600 ಮೀಟರ್‌ಗೂ ಮೇಲಿದೆ. ಗಾಳಿಯ ಒತ್ತಡ ಕಡಿಮೆ, ನೀರು 88 ಡಿಗ್ರಿ ಹೊತ್ತಿಗೇ ಕುದಿಯುತ್ತದೆ. ಕುದಿಯುತ್ತಾ ಇರುತ್ತದೆ, ಬೇಳೆ ಬೇಯುವುದಿಲ್ಲ. ಸಣ್ಣ ಪ್ರೆಶರ್ ಕುಕ್ಕರ್ ಒಯ್ಯಿರಿ. ಇಲ್ಲದಿದ್ದರೆ ಹೆಸರುಬೇಳೆ, ಮಸೂರ್ ಬೇಳೆ ಸಾಕು. ಹುರಿದ ರವೆ, ಅವಲಕ್ಕಿ ಇನ್ನೂ ಸುಲಭ.

ಒಲೆ ಬಗ್ಗೆ ಒಂದು ಮಾತು. ಟ್ರೆಕ್‌ಗೆ ಮಾರುವ ಸಣ್ಣ ಗ್ಯಾಸ್ ಡಬ್ಬಿಗಳಲ್ಲಿ ಬರೀ ಬ್ಯೂಟೇನ್ ಇದ್ದರೆ ಅದು ಸೊನ್ನೆ ಡಿಗ್ರಿಗೇ ಆವಿಯಾಗುವುದನ್ನು ನಿಲ್ಲಿಸುತ್ತದೆ. ಡಬ್ಬಿ ತುಂಬಾ ಗ್ಯಾಸ್ ಇರುತ್ತದೆ, ಒಲೆ ಹೊತ್ತುವುದಿಲ್ಲ. ಪ್ರೊಪೇನ್ ಬೆರೆಸಿದ ಚಳಿಗಾಲದ ಡಬ್ಬಿ ಕೇಳಿ ತೆಗೆದುಕೊಳ್ಳಿ. ರಾತ್ರಿ ಡಬ್ಬಿಯನ್ನು ಬಟ್ಟೆ ಚೀಲದ ಮಧ್ಯೆ ಇಡಿ. ಹಿಮ ಕರಗಿಸಿ ನೀರು ಮಾಡುವುದಾದರೆ ಪಾತ್ರೆಯ ತಳಕ್ಕೆ ಮೊದಲು ಸ್ವಲ್ಪ ನೀರು ಹಾಕಿ. ಬರೀ ಹಿಮ ಹಾಕಿದರೆ ಪಾತ್ರೆ ಸೀದು ನೀರೆಲ್ಲ ಸುಟ್ಟ ವಾಸನೆ. ಹೊಸ ಹಿಮ ಹತ್ತು ಪಾತ್ರೆ ಕರಗಿಸಿದರೆ ಒಂದು ಪಾತ್ರೆ ನೀರು ಸಿಗಬಹುದು, ಆದ್ದರಿಂದ ಗ್ಯಾಸ್ ಲೆಕ್ಕ ಜಾಸ್ತಿಯೇ ಹಾಕಿಕೊಳ್ಳಿ.

ಪ್ರಶ್ನೆ: ಎರಡು ಪೆಗ್ ಹಾಕಿದರೆ ಥಂಡಿ ಹೋಗುತ್ತದೆ ಅಂತಾರೆ. ಸೈನ್ಯದವರೂ ಕುಡಿಯುತ್ತಾರಲ್ಲ?
— ಹೆಸರು ಬೇಡ, ಶಹಾಪುರ

ಉತ್ತರ: ಹೋಗುವುದು ಥಂಡಿಯ ಅರಿವು. ಥಂಡಿ ಅಲ್ಲೇ ಇರುತ್ತದೆ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸುತ್ತದೆ, ಒಳಗಿನ ಬಿಸಿರಕ್ತ ಹೊರಗೆ ಬಂದು ಮುಖ ಬೆಚ್ಚಗೆನಿಸುತ್ತದೆ, ಹೃದಯ ತಣ್ಣಗಾಗುತ್ತದೆ. ಸೈನ್ಯದವರ ಹೆಸರು ಹೇಳಿ ನನ್ನನ್ನು ಒಪ್ಪಿಸಬೇಡಿ, ನಾನು ಅವರ ಕಾಲು ತೊಳೆದು ಪಟ್ಟಿ ಕಟ್ಟಿದವಳು.

ಪ್ರಶ್ನೆ: ಬೆರಳು ಮರಗಟ್ಟಿದರೆ ಹಿಮದಿಂದಲೇ ಉಜ್ಜಬೇಕು ಅಂತ ನಮ್ಮ ಸೀನಿಯರ್ ಹೇಳುತ್ತಾರೆ. ನಿಜವೇ?
— ಎನ್‌ಸಿಸಿ ಕೆಡೆಟ್, ಯಾದಗಿರಿ

ಉತ್ತರ: ಖಂಡಿತ ಬೇಡ ಮಗಾ. ಇದು ಬಹಳ ಹಳೆಯ, ಬಹಳ ಕೆಟ್ಟ ಸಲಹೆ. ಹೆಪ್ಪುಗಟ್ಟಿದ ಬೆರಳೊಳಗೆ ಐಸ್‌ನ ಚೂಪು ಹರಳುಗಳಿರುತ್ತವೆ. ಉಜ್ಜಿದರೆ ಅವೇ ಒಳಗಿನ ಮಾಂಸ ಹರಿಯುತ್ತವೆ. ಬೆಂಕಿಗೂ ಹಿಡಿಯಬಾರದು. ಬೆರಳಿಗೆ ಅರಿವೇ ಇರುವುದಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ. ಅಂಥ ಕೈಗಳಿಗೆ ನಾನು ಮದ್ದು ಹಚ್ಚಿದ್ದೇನೆ, ಚಳಿಯಿಂದ ಆದದ್ದಕ್ಕಿಂತ ಬೆಂಕಿಯಿಂದ ಆದದ್ದೇ ಜಾಸ್ತಿ ಇತ್ತು.

ಶುರುವಿನಲ್ಲಿ ಬೆರಳು ಚುಚ್ಚುತ್ತದೆ, ಬಿಳಿಚುತ್ತದೆ. ಆಗಲೇ ಕಂಕುಳಲ್ಲಿ ಇಟ್ಟುಕೊಳ್ಳಿ. ಕಾಲಾದರೆ ಗೆಳೆಯನ ಹೊಟ್ಟೆ ಮೇಲೆ ಇಡಿ. ಬೈಸಿಕೊಳ್ಳಿ, ಪರವಾಗಿಲ್ಲ. ನೋವು ನಿಂತು, ಬೆರಳು ಮೇಣದ ಬಣ್ಣಕ್ಕೆ ತಿರುಗಿ ಗಟ್ಟಿಯಾದರೆ ಅದು ಫ್ರಾಸ್ಟ್‌ಬೈಟ್. ಆಗ 37ರಿಂದ 39 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಮುಳುಗಿಸಿಡಬೇಕು. ನೀರಿನ ಬಿಸಿಯನ್ನು ಸರಿಯಿರುವ ಇನ್ನೊಬ್ಬರ ಮೊಣಕೈಯಿಂದ ನೋಡಿ. ಆದರೆ ಇನ್ನೂ ಹಿಮದಲ್ಲೇ ನಡೆದು ಇಳಿಯಬೇಕಾಗಿದ್ದು, ಮತ್ತೆ ಹೆಪ್ಪುಗಟ್ಟುವ ಸಂಭವ ಇದ್ದರೆ ಕರಗಿಸಲು ಹೋಗಬೇಡಿ. ಒಮ್ಮೆ ಕರಗಿ ಮತ್ತೆ ಹೆಪ್ಪುಗಟ್ಟಿದ ಬೆರಳನ್ನು ಉಳಿಸುವುದು ಕಷ್ಟ. ಹಾಗೇ ಒಣಬಟ್ಟೆ ಸುತ್ತಿ ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸಿ.

ಬೂಟು ಬಿಗಿಯಾಗುವಂತೆ ಮೂರು ಜೊತೆ ಕಾಲುಚೀಲ ತುರುಕುವುದೂ ತಪ್ಪು. ರಕ್ತ ಓಡದಿದ್ದರೆ ಬೆಚ್ಚಗಾಗುವುದು ಹೇಗೆ? ಕೈಗೆ ಐದು ಬೆರಳಿನ ಗ್ಲೌಸ್‌ಗಿಂತ ನಾಲ್ಕು ಬೆರಳು ಒಟ್ಟಿಗೆ ಇರುವ ಮಿಟನ್ ಒಳ್ಳೆಯದು.

ಪ್ರಶ್ನೆ: ನನಗೆ 61. ಬಿಪಿ, ಸಕ್ಕರೆ ಕಾಯಿಲೆ ಎರಡೂ ಇವೆ, ಮಾತ್ರೆಯಲ್ಲಿ ಹಿಡಿತದಲ್ಲಿವೆ. ಚಳಿಗಾಲದಲ್ಲಿ ವಿಮಾನದಲ್ಲಿ ಲೇಹ್‌ಗೆ ಹೋಗಿ ಹಿಮ ನೋಡಿ ಬರುವ ಆಸೆ.
— ವ್ಯಾಪಾರಿ, ಬಸವಕಲ್ಯಾಣ

ಉತ್ತರ: ಅಣ್ಣಾರೆ, ಮೊದಲು ನಿಮ್ಮ ಡಾಕ್ಟರ್ ಹತ್ತಿರ ಹೋಗಿ, ಪತ್ರಿಕೆ ಓದಿ ಹೊರಡಬೇಡಿ. ಲೇಹ್ 3,500 ಮೀಟರ್. ವಿಮಾನದಲ್ಲಿ ದಿಲ್ಲಿಯಿಂದ ಸುಮಾರು ಒಂದೂವರೆ ಗಂಟೆಯಲ್ಲಿ ಅಲ್ಲಿಗೆ ಇಳಿದರೆ ದೇಹಕ್ಕೆ ಹೊಂದಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲ. ಮೊದಲ ಎರಡು ದಿನ ರೂಮಿನಲ್ಲೇ ಇರಿ. ಮಾರ್ಕೆಟ್ ಸುತ್ತುವುದೂ ಬೇಡ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾದರೆ ಮೇಲಕ್ಕೆ ಹೋಗಬಾರದು. ಕುಳಿತಲ್ಲೇ ಏದುಸಿರು, ಕೆಮ್ಮು, ನಡೆಯುವಾಗ ತೂರಾಟ ಕಂಡರೆ ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಆಸ್ಪತ್ರೆ. ಬೆಳಗಾಗಲಿ ನೋಡೋಣ ಅನ್ನುವಂತಿಲ್ಲ.

ಎತ್ತರಕ್ಕೆ ಕೊಡುವ ಅಸಿಟಜೋಲಮೈಡ್ ಮಾತ್ರೆಯನ್ನು ಮೆಡಿಕಲ್ ಅಂಗಡಿಯಲ್ಲಿ ಕೇಳಿ ನೀವೇ ನುಂಗಬೇಡಿ. ಸಲ್ಫಾ ಅಲರ್ಜಿ ಇದ್ದರೆ ಡಾಕ್ಟರ್‌ಗೆ ಹೇಳಲೇಬೇಕು. ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರುತ್ತದೆ. ಮುಂದೆ ಇನ್ಸುಲಿನ್ ಶುರುವಾದರೆ ನೆನಪಿಡಿ, ಅದು ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು, ಒಳಜೇಬಿನಲ್ಲೇ ಇರಬೇಕು. ಸಕ್ಕರೆ ನೋಡುವ ಮಿಷನ್ನೂ ತೀರಾ ಚಳಿಯಲ್ಲಿ ಕೆಲಸ ಮಾಡುವುದಿಲ್ಲ, ಬೆಚ್ಚಗಿನ ರೂಮಿನಲ್ಲಿ ನೋಡಿಕೊಳ್ಳಿ. ಇನ್ನು ಟೆಂಟ್? ಜನವರಿಯ ಲೇಹ್‌ನಲ್ಲಿ ರಾತ್ರಿ ಸೊನ್ನೆಗಿಂತ 15 ಡಿಗ್ರಿ ಕೆಳಗೆ ಹೋಗುವುದು ಹೊಸದಲ್ಲ. ನೀವು ಗಟ್ಟಿ ಗೋಡೆಯ ರೂಮಿನಲ್ಲಿ ಮಲಗಿ. ಹಿಮ ಕಿಟಕಿಯಿಂದಲೂ ಕಾಣುತ್ತದೆ.

ಪ್ರಶ್ನೆ: ಕೇಳಲು ನಾಚಿಕೆ. ಹಿಮದಲ್ಲಿ ಸಂಡಾಸಿಗೆ ಏನು ಮಾಡುವುದು? ಮುಟ್ಟಿನ ದಿನ ಬಂದರೆ?
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ನಾಚಿಕೆ ಯಾಕವ್ವಾ, ಇದನ್ನು ಎಲ್ಲರೂ ಮೊದಲೇ ಕೇಳಬೇಕು. ಗುಂಪಿನ ಕ್ಯಾಂಪ್‌ಗಳಲ್ಲಿ ಗುಂಡಿ ತೋಡಿ ಸುತ್ತ ಸಣ್ಣ ಟೆಂಟ್ ಕಟ್ಟಿರುತ್ತಾರೆ. ಅದನ್ನೇ ಬಳಸು. ಅದು ಇಲ್ಲದ ಕಡೆ ಬರೀ ಹಿಮದಲ್ಲಿ ಹೂತು ಬರಬಾರದು, ಬೇಸಿಗೆಗೆ ಹಿಮ ಕರಗಿ ಎಲ್ಲ ಹೊಳೆಗೆ ಸೇರುತ್ತದೆ. ಮಣ್ಣು ಸಿಕ್ಕರೆ ನೀರಿನಿಂದ 200 ಅಡಿ ದೂರದಲ್ಲಿ ಅರ್ಧ ಅಡಿಗಿಂತ ಆಳದ ಗುಂಡಿ. ಮಣ್ಣು ಸಿಗದಿದ್ದರೆ ಚೀಲದಲ್ಲಿ ಕಟ್ಟಿ ಕೆಳಗೆ ತರಬೇಕು. ಅಮೆರಿಕದ ಆ ಮೋಆಬ್ ಮರುಭೂಮಿಯ ಹಲವು ಕಡೆ ಹಾಗೆ ಹೊತ್ತು ತರುವುದು ಕಡ್ಡಾಯ. ಒಣ ನೆಲದಲ್ಲಿ ಹೂತದ್ದು ಕೊಳೆಯುವುದೇ ಇಲ್ಲ.

ಪ್ಯಾಡ್‌ಗಳನ್ನೂ ಹೂಳಬೇಡ, ಎರಡು ಪದರದ ಜಿಪ್ ಚೀಲದಲ್ಲಿ ಹಿಂದೆ ತಾ. ನೀರು ಮುಟ್ಟಲು ಆಗದಷ್ಟು ತಣ್ಣಗಿರುತ್ತದೆ, ಪರಿಮಳ ಇಲ್ಲದ ವೆಟ್ ವೈಪ್ಸ್ ಇಟ್ಟುಕೋ. ರಾತ್ರಿ ಅವನ್ನು ಸ್ಲೀಪಿಂಗ್ ಬ್ಯಾಗ್ ಒಳಗೇ ಇಡು, ಇಲ್ಲದಿದ್ದರೆ ಬೆಳಿಗ್ಗೆ ಹಲಗೆ. ಸಂಡಾಸಿಗೆ ಹೋಗಲು ಬೇಜಾರು ಅಂತ ನೀರು ಕುಡಿಯುವುದು ಬಿಡುವ ಹುಡುಗಿಯರೇ ಜಾಸ್ತಿ. ಹಾಗೆ ಮಾಡಿದರೆ ತಲೆನೋವು ಖಾತ್ರಿ. ಚಳಿಯಲ್ಲಿ ಮೂತ್ರ ಜಾಸ್ತಿ ಬರುವುದು ಸಹಜ. ರಾತ್ರಿ ಎಚ್ಚರವಾದರೆ ಎದ್ದು ಹೋಗು, ಜೊತೆಗೆ ಒಬ್ಬಳನ್ನು ಎಬ್ಬಿಸಿಕೊಂಡು.

ಪ್ರಶ್ನೆ: ಹಿಮದಲ್ಲಿ ಕೂಲಿಂಗ್ ಗ್ಲಾಸ್ ಯಾಕೆ? ಶೋಕಿಗಾ?
— ಜೇವರ್ಗಿ

ಉತ್ತರ: ಹೊಸ ಹಿಮ ಸೂರ್ಯನ ಅತಿನೇರಳೆ ಕಿರಣದ ನೂರಕ್ಕೆ 80 ಭಾಗವನ್ನು ತಿರುಗಿಸಿ ಮುಖಕ್ಕೇ ಹೊಡೆಯುತ್ತದೆ. ಕನ್ನಡಕ ಇಲ್ಲದೆ ಒಂದು ಮಧ್ಯಾಹ್ನ ನಡೆದರೆ ರಾತ್ರಿ ಕಣ್ಣಲ್ಲಿ ಮರಳು ಸುರಿದ ಹಾಗೆ ಉರಿ, ನೀರು. ಯುವಿ ತಡೆಯುವ, ಪಕ್ಕ ಮುಚ್ಚಿದ ಕನ್ನಡಕವೇ ಬೇಕು. ಮೂಗಿನ ಕೆಳಗೆ, ಗದ್ದದ ಕೆಳಗೂ ಸನ್‌ಸ್ಕ್ರೀನ್ ಹಚ್ಚಿ.

ಪ್ರಶ್ನೆ: ಅಷ್ಟು ದೂರ ಹೋಗುವ ಮುಂಚೆ ನಮ್ಮ ಕಡೆಯೇ ಎಲ್ಲಾದರೂ ರೂಢಿ ಮಾಡಿಕೊಳ್ಳಬಹುದೇ?
— ಚಿಂಚೋಳಿ

ಉತ್ತರ: ಹಿಮ ಸಿಗುವುದಿಲ್ಲ, ಉಳಿದದ್ದೆಲ್ಲ ಸಿಗುತ್ತದೆ. ಬೀದರ್‌ನಲ್ಲಿ ಕೆಲವು ಡಿಸೆಂಬರ್ ರಾತ್ರಿ ಶಾಖ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಅಂಥ ರಾತ್ರಿ ಮಾಳಿಗೆ ಮೇಲೆ ಟೆಂಟ್ ಹಾಕಿ ಮಲಗಿ. ದೀಪ ಆರಿಸಿ, ಗ್ಲೌಸ್ ಹಾಕಿಕೊಂಡೇ ಟೆಂಟ್‌ನ ಕೋಲು ಜೋಡಿಸಿ ನೋಡಿ. ಆಗ ಗೊತ್ತಾಗುತ್ತದೆ ಯಾವ ಗಂಟು ಬಿಚ್ಚಲು ಬರುವುದಿಲ್ಲ ಅಂತ. ಒಂದು ರಾತ್ರಿ ಮ್ಯಾಟ್ ಇಲ್ಲದೆ, ಮರುರಾತ್ರಿ ಮ್ಯಾಟ್ ಹಾಕಿ ಮಲಗಿದರೆ ಮೇಲೆ ಸೇಡಂನವರಿಗೆ ನಾನು ಅಷ್ಟುದ್ದ ಬರೆದದ್ದು ಯಾಕೆ ಅಂತ ಬೆನ್ನಿಗೇ ತಿಳಿಯುತ್ತದೆ. ಕಾಲಿಗೆ ರೂಢಿಯಾಗಲು ಯಾದಗಿರಿ ಕೋಟೆಯ ಬೆಟ್ಟ ಇದೆ. ಬೆನ್ನಿಗೆ ಎಂಟು ಹತ್ತು ಕಿಲೋ ಹೊತ್ತು ವಾರಕ್ಕೆ ಎರಡು ಸಲ ಹತ್ತಿ ಇಳಿಯಿರಿ. ಇಳಿಯುವಾಗ ನೋಯುವ ಮೊಣಕಾಲನ್ನು ಈಗಲೇ ಡಾಕ್ಟರ್‌ಗೆ ತೋರಿಸಿ.

ನಿಮ್ಮ ಊರಿನ ಕಾಡು ಚೆನ್ನಾಗಿದೆ, ಚಂದ್ರಂಪಳ್ಳಿ ಕೆರೆ ದಂಡೆ ಇನ್ನೂ ಚೆನ್ನಾಗಿದೆ. ಆದರೆ ಅದು ವನ್ಯಜೀವಿ ಧಾಮ. ಸುಮ್ನೆ ಹೋಗಿ ಟೆಂಟ್ ಹೊಡೆದು ಬೆಂಕಿ ಹಾಕುವಂತಿಲ್ಲ. ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅವರು ಇಲ್ಲ ಅಂದರೆ ಮಾಳಿಗೆಯೇ ಸಾಕು.